ಅಡಿಕೆ ಮಂಡಿ ಸಂಬಳದಲ್ಲಿ ಬ್ಯಾಲೆ ಕಲಿಯುವುದು ಹೇಗೆ?

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಊರು ಸಾಗರದ ಕಡೆ. ಬ್ಯಾಲೆ ಅನ್ನುವ ಪಾಶ್ಚಾತ್ಯ ನೃತ್ಯ ಶುರು ಮಾಡಿದಾಗ ನನಗೆ 22 ವರ್ಷ. ಈಗ ನಾಲ್ಕು ವರ್ಷವಾಯಿತು. ಹಗಲು ಅಡಿಕೆ ಮಂಡಿ, ಸಂಜೆ ಕಾಲಿನ ಮಂಡಿ ಅಂತ ಮಂಡಿಯ ಗುಮಾಸ್ತರು ಈಗಲೂ ನಗುತ್ತಾರೆ.

ಬ್ಯಾಲೆ ಕಲೀಬೇಕು ಅನ್ನುವ ಹುಡುಗ ಹುಡುಗಿಯರು ನನ್ನನ್ನು ಎರಡೇ ಪ್ರಶ್ನೆ ಕೇಳುತ್ತಾರೆ. ಇಲ್ಲಿ ಎಲ್ಲಿ ಕಲಿಸ್ತಾರೆ? ದುಡ್ಡೆಷ್ಟು ಬೇಕು? ನನ್ನ ಉತ್ತರ ಇಷ್ಟು: ದುಡ್ಡು ಕಡಿಮೆ ಇದ್ದರೆ ಅದನ್ನು ಒಂದೇ ಕಡೆ ಹಾಕಿ. ನಿಮ್ಮ ತಪ್ಪನ್ನು ನೋಡಿ ಹೇಳುವವರ ಕಣ್ಣಿಗೆ ಹಾಕಿ. ನೆಲ, ಅಭ್ಯಾಸದಲ್ಲಿ ಕೈ ಇಡುವ ಕಂಬಿ, ಬಟ್ಟೆ, ಕನ್ನಡಿ ಎಲ್ಲವನ್ನೂ ಮನೆಯಲ್ಲೇ ಹೊಂದಿಸಿಕೊಳ್ಳಬಹುದು. ನಾನು ಮೊದಲ ವರ್ಷ ಇದರ ಉಲ್ಟಾ ಮಾಡಿದೆ. ಚೆಂದದ ಸ್ಕರ್ಟು ಬಂತು, ಗುಲಾಬಿ ಟೈಟ್ಸ್ ಬಂತು, ಕಾಲು ಮಾತ್ರ ಇದ್ದಲ್ಲೇ ಇತ್ತು.

ಮೊದಲು ವಯಸ್ಸಿನ ಮಾತು ಮುಗಿಸೋಣ

ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲ್ ಮಕ್ಕಳನ್ನು ಪೂರ್ಣಾವಧಿ ತರಬೇತಿಗೆ ಸೇರಿಸಿಕೊಳ್ಳುವುದು 11ನೇ ವಯಸ್ಸಿಗೆ. ರಷ್ಯಾದ ವಾಗನೋವಾ ಅಕಾಡೆಮಿಯಲ್ಲಿ 10ರ ಆಸುಪಾಸು. ಹಾಗಾಗಿ 22ಕ್ಕೆ ಶುರು ಮಾಡಿ ದೊಡ್ಡ ಬ್ಯಾಲೆ ಕಂಪನಿಯಲ್ಲಿ ಕುಣಿಯುತ್ತೇನೆ ಅಂತ ಲೆಕ್ಕ ಹಾಕಬೇಡಿ. ಲೆಕ್ಕ ಬರೆಯುವವಳಾಗಿ ಇದನ್ನು ಮೊದಲೇ ಹೇಳಬೇಕು ಅನ್ನಿಸಿತು.

ಆದರೆ ತಡವಾಗಿ ಶುರು ಮಾಡಿ ದೂರ ಹೋದವರೂ ಇದ್ದಾರೆ. ದೆಹಲಿಯ ಕಮಲ್ ಸಿಂಗ್ ಅವರ ತಂದೆ ಇ-ರಿಕ್ಷಾ ಓಡಿಸುತ್ತಿದ್ದರು. ಕಮಲ್ ಬ್ಯಾಲೆ ಕ್ಲಾಸಿಗೆ ಕಾಲಿಟ್ಟಿದ್ದು 17ನೇ ವಯಸ್ಸಿಗೆ. 2020ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲಿಗೆ ಆಯ್ಕೆಯಾದರು. ಲಂಡನ್ನಿನ ಖರ್ಚಿಗೆ ಜನರಿಂದ ಹಣ ಕೂಡಿಸಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಆ ಕಥೆ ಓದಿ ಎಲ್ಲರೂ ಹಣದ ಭಾಗವನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಾನು ನೆನಪಿಡುವುದು ಬೇರೆ. ಅವರಿಗೆ ದಿನವೂ ಗಂಟೆಗಟ್ಟಲೆ ಎದುರಿಗೆ ನಿಂತು ತಿದ್ದುವ ಗುರು ಸಿಕ್ಕಿದ್ದರು. ನಮಗೆ ಸಿಗದೇ ಇರುವುದು ಅದೇ. ಅದನ್ನು ಚೂರುಚೂರಾಗಿಯಾದರೂ ಕೊಂಡುಕೊಳ್ಳುವುದು ಹೇಗೆ ಅನ್ನುವುದೇ ಮುಂದಿನ ಮಾತು.

ನೆಲ ನೋಡಿ

ಬ್ಯಾಲೆಗೆ ಬೇಕಾದ್ದು ಒಳಗಿನಿಂದ ಸ್ವಲ್ಪ ಬಳುಕುವ ನೆಲ. ಸ್ಟುಡಿಯೋಗಳಲ್ಲಿ ಮರದ ಚೌಕಟ್ಟಿನ ಮೇಲೆ ಹಲಗೆ ಹಾಕಿ, ಅದರ ಮೇಲೆ ಜಾರದ ವಿನೈಲ್ ಹಾಸುತ್ತಾರೆ. ಹಾರಿ ಇಳಿಯುವಾಗ ಕಾಲಿನ ಮೇಲೆ ನಮ್ಮ ತೂಕದ ಎಷ್ಟೋ ಪಟ್ಟು ಭಾರ ಬೀಳುತ್ತದೆ. ನೆಲ ಬಳುಕಿದರೆ ಅದರಲ್ಲಿ ಒಂದು ಪಾಲನ್ನು ನೆಲ ತೆಗೆದುಕೊಳ್ಳುತ್ತದೆ. ಸಿಮೆಂಟು, ಟೈಲ್ಸ್, ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಏನನ್ನೂ ತೆಗೆದುಕೊಳ್ಳುವುದಿಲ್ಲ. ಎಲ್ಲಾ ವಾಪಸ್ ಮೊಣಕಾಲಿಗೆ, ಮುಂಗಾಲಿನ ಮೂಳೆಗೆ ಬರುತ್ತದೆ. ಮೊದಲ ಮಳೆಗಾಲದಲ್ಲಿ ನಾನು ಬಾಡಿಗೆ ರೂಮಿನ ಟೈಲ್ಸ್ ಮೇಲೆ ದಿನಾ 50 ಸಲ ಹಾರಿದೆ. ಒಂದೂವರೆ ತಿಂಗಳಿಗೆ ಮುಂಗಾಲಿನ ಮೂಳೆಯ ಪಕ್ಕ ಮುಟ್ಟಿದರೆ ಜೀವ ಹೋಗುವ ಹಾಗೆ ನೋವು. ಎರಡು ತಿಂಗಳು ಏನೂ ಮಾಡಲಿಲ್ಲ.

ಆದ್ದರಿಂದ ನಿಯಮ ಸರಳ. ಗಟ್ಟಿ ನೆಲದ ಮೇಲೆ ಕಂಬಿ ಹಿಡಿದು ಮಾಡುವ ಅಭ್ಯಾಸ ಮಾಡಿ, ಹಾರಬೇಡಿ. ಹಾರುವುದಕ್ಕೆ ಬೇರೆ ಜಾಗ ಹುಡುಕಿ. ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ಹಳೇ ಮನೆಯ ಅಟ್ಟದ ಹಲಗೆ! ತೊಲೆಯ ಮೇಲೆ ಕೂತ ಹಲಗೆ ತಾನಾಗಿ ಬಳುಕುತ್ತದೆ. ಆದರೆ ಗೆದ್ದಲು ಹಿಡಿದಿದೆಯಾ, ತೊಲೆ ಗಟ್ಟಿ ಇದೆಯಾ ಅಂತ ಆಚಾರಿಗೆ ತೋರಿಸದೆ ಹಾರಬೇಡಿ, ಕೆಳಗೆ ಅಜ್ಜಿ ಮಲಗಿರುತ್ತಾರೆ. ಪೇಟೆಯಲ್ಲಿರುವವರು ಮರದ ನೆಲದ ಶಟಲ್ ಕೋರ್ಟ್ ವಿಚಾರಿಸಿ. ಬೆಳಗಿನ ಆಟಗಾರರು ಹೋದ ಮೇಲೆ, ಆಫೀಸು ಬಿಟ್ಟವರು ಬರುವ ಮುಂಚೆ ಕೋರ್ಟು ಸಾಮಾನ್ಯವಾಗಿ ಖಾಲಿ ಇರುತ್ತದೆ. ನನಗೆ ವಾರಕ್ಕೊಮ್ಮೆ ಅರ್ಧ ಗಂಟೆ ಬಿಟ್ಟುಕೊಟ್ಟಿದ್ದಾರೆ. ಬದಲಿಗೆ ಭಾನುವಾರ ಅವರ ವಸೂಲಿ ಪುಸ್ತಕ ಬರೆದು ಕೊಡುತ್ತೇನೆ.

ಕಂಬಿ

ಇದಕ್ಕೆ ಒಂದು ರೂಪಾಯಿಯೂ ಬೇಡ. ಎತ್ತರ ಸೊಂಟಕ್ಕೂ ಮೊಣಕೈಗೂ ನಡುವೆ ಇರಲಿ. ಕೈ ಇಟ್ಟಾಗ ಹೆಗಲು ಮೇಲೇರಿದರೆ ಕಂಬಿ ಎತ್ತರವಾಯಿತು ಅಂತ ಅರ್ಥ. ಕಿಟಕಿಯ ಕಟ್ಟೆ ಆಗುತ್ತದೆ, ಭಾರದ ಮರದ ಕುರ್ಚಿಯ ಬೆನ್ನು ಆಗುತ್ತದೆ. ಊರಿನಲ್ಲಿ ನಾನು ಎರಡು ಗೂಟಕ್ಕೆ ನುಣ್ಣಗೆ ಕೆತ್ತಿದ ಅಡಿಕೆ ದಬ್ಬೆ ಕಟ್ಟಿಕೊಂಡಿದ್ದೇನೆ. ಸಿಬಿರು ಏಳದಂತೆ ಹಳೇ ಸೀರೆಯ ತುಂಡು ಸುತ್ತಿದೆ. ಜಗಲಿಯ ಕಂಬ ಮಾತ್ರ ಬೇಡ. ಕಂಬ ಸಿಕ್ಕರೆ ಕೈ ತಬ್ಬಿಕೊಳ್ಳುತ್ತದೆ. ಬ್ಯಾಲೆಯಲ್ಲಿ ಕಂಬಿ ಇರುವುದು ಬೆರಳು ಇಡಲಿಕ್ಕೆ, ಜೋತು ಬೀಳಲಿಕ್ಕಲ್ಲ.

ಶೂ, ಮತ್ತು ಆ ಇನ್ನೊಂದು ಶೂ

ಮೊದಲ ತಿಂಗಳು ಹತ್ತಿಯ ಕಾಲುಚೀಲ ಸಾಕು. ನೆಲ ಜಾರಿದರೆ ಬರಿಗಾಲು. ಆಮೇಲೆ ಕ್ಯಾನ್ವಾಸಿನ ಮೆತ್ತನೆ ಬ್ಯಾಲೆ ಶೂ ಒಂದು ಜೊತೆ ತೆಗೆದುಕೊಳ್ಳಿ. ನಾನು 700 ರೂಪಾಯಿ ಕೊಟ್ಟೆ. ಕಾಲಿಗೆ ಕಾಲುಚೀಲದ ಹಾಗೆ ಅಂಟಿ ಕೂರಬೇಕು, ಬೆರಳು ಮಡಿಸಿಕೊಳ್ಳಬಾರದು. ಬೆಳೆಯುವ ಕಾಲಿಗೆ ಇರಲಿ ಅಂತ ಒಂದು ಸೈಜ್ ದೊಡ್ಡದು ತರುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎಲಾಸ್ಟಿಕ್ ಹೊಲಿಯದೆ ಬಂದರೆ ಹೆದರಬೇಡಿ. ಶೂ ಹಾಕಿಕೊಂಡು, ಪಾದದ ಮೇಲೆ ಎಲ್ಲಿ ಹಿಡಿತ ಬೇಕೋ ಅಲ್ಲಿ ಗುರುತು ಹಾಕಿ, ಕೈಯಲ್ಲೇ ಹೊಲಿಯಿರಿ.

ಇನ್ನು ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ. ಎಲ್ಲರ ಕಣ್ಣೂ ಅದರ ಮೇಲೇ. ಸಾಮಾನ್ಯವಾಗಿ ವಾರಕ್ಕೆ ಹಲವು ಕ್ಲಾಸಿನಂತೆ ಎರಡು ಮೂರು ವರ್ಷ ಸರಿಯಾಗಿ ಕಲಿತ ಮೇಲೆ, ಅದೂ ಟೀಚರ್ ಕಾಲು ನೋಡಿ ಹೂಂ ಅಂದ ಮೇಲೆ ಮಾತ್ರ. ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತುವುದನ್ನು ನಿಧಾನವಾಗಿ, ಅಲುಗಾಡದೆ 20 ಸಲ ಮಾಡಲಾಗದಿದ್ದರೆ ಆ ಯೋಚನೆಯೇ ಬೇಡ. ಖರ್ಚೂ ಹಾಗೇ. ಆ ಶೂವಿನ ತುದಿ ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಮಾಡಿದ್ದು. ಬೆವರಿಗೆ, ತೇವಕ್ಕೆ ಮೆತ್ತಗಾಗುತ್ತದೆ. ದೊಡ್ಡ ಕಂಪನಿಯ ನರ್ತಕಿಯರು ಒಂದು ಪ್ರದರ್ಶನಕ್ಕೇ ಒಂದು ಜೊತೆ ಸವೆಸುವುದುಂಟು. ಆಷಾಢದ ಮಲೆನಾಡಿನಲ್ಲಿ ಅದರ ಗತಿ ಯೋಚಿಸಿ. ನಾಲ್ಕು ವರ್ಷವಾದರೂ ನನ್ನ ಹತ್ತಿರ ಇಲ್ಲ. ಹುಡುಗರಿಗೆ ಸಾಮಾನ್ಯವಾಗಿ ಈ ತಲೆನೋವೇ ಇಲ್ಲ.

ಮೊದಲ ಆರು ತಿಂಗಳು ಏನು ಮಾಡಬೇಕು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ನಿಲ್ಲುತ್ತೇನೆ. ಹಾಳಾಗುವುದೂ ಇಲ್ಲೇ.

ಬ್ಯಾಲೆಯಲ್ಲಿ ಕಾಲು ಹೊರಕ್ಕೆ ತಿರುಗಿರುತ್ತದೆ. ಅದಕ್ಕೆ ಟರ್ನ್‌ಔಟ್ ಅನ್ನುತ್ತಾರೆ. ಚಿತ್ರದಲ್ಲಿ ಎರಡು ಪಾದವೂ ಒಂದೇ ಗೆರೆಯಲ್ಲಿ, ಗಡಿಯಾರದ ಒಂಬತ್ತೇಕಾಲರ ಮುಳ್ಳಿನ ಹಾಗೆ ಕಾಣುತ್ತದೆ. ನೋಡಿದವರೆಲ್ಲ ಪಾದ ತಿರುಗಿಸುತ್ತಾರೆ. ತಿರುಗಬೇಕಾದ್ದು ಪಾದ ಅಲ್ಲ, ತೊಡೆ. ಸೊಂಟದ ಕೀಲಿನಲ್ಲಿ ತೊಡೆ ಎಷ್ಟು ತಿರುಗುತ್ತದೋ ಪಾದ ಅಷ್ಟೇ ತಿರುಗಬೇಕು. ಅದಕ್ಕಿಂತ ಜಾಸ್ತಿ ಪಾದ ಎಳೆದರೆ ಉಳಿದ ತಿರುವನ್ನು ಮೊಣಕಾಲು ಕೊಡಬೇಕಾಗುತ್ತದೆ. ಮೊಣಕಾಲು ಇರುವುದು ಬಾಗಿಲ ಕೀಲಿನ ಹಾಗೆ ಮಡಚಲಿಕ್ಕೆ, ಬುಗುರಿಯ ಹಾಗೆ ತಿರುಗಲಿಕ್ಕಲ್ಲ.

ನೀವೇ ಪರೀಕ್ಷೆ ಮಾಡಿ. ಹಿಮ್ಮಡಿ ಸೇರಿಸಿ ನಿಂತು, ಬೆರಳುಗಳನ್ನು ಹೊರಕ್ಕೆ ತೆರೆಯಿರಿ. ಹಿಮ್ಮಡಿ ಎತ್ತದೆ ಮೊಣಕಾಲು ಮಡಚಿ. ಬಗ್ಗಿ ನೋಡಿದರೆ ಮಂಡಿ ನಿಮ್ಮ ಎರಡನೇ ಬೆರಳಿನ ಮೇಲೆ ಬರಬೇಕು. ಹೆಬ್ಬೆರಳಿನಿಂದ ಒಳಕ್ಕೆ ಬಿದ್ದರೆ ಪಾದ ಜಾಸ್ತಿ ತೆರೆದಿದ್ದೀರಿ, ಕಡಿಮೆ ಮಾಡಿ. ಪಾದದ ಒಳಗಿನ ಕಮಾನು ನೆಲಕ್ಕೆ ಕುಸಿದರೂ ಅದೇ ತಪ್ಪು. ದೊಡ್ಡವರಾಗಿ ಶುರು ಮಾಡುವವರಿಗೆ ಎರಡು ಪಾದದ ನಡುವೆ ಪುಸ್ತಕದ ಮೂಲೆಯಷ್ಟು, ಅಂದರೆ 90 ಡಿಗ್ರಿ ಸಿಕ್ಕರೆ ಬೇಕಾದಷ್ಟಾಯಿತು.

ಕಂಬಿಯ ಅಭ್ಯಾಸಕ್ಕೆ ಒಂದು ಕ್ರಮ ಇದೆ. ಎಲ್ಲ ದೇಶದಲ್ಲೂ ಹೆಚ್ಚು ಕಡಿಮೆ ಇದೇ. ಹೆಸರೆಲ್ಲ ಫ್ರೆಂಚ್. 1661ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ಪ್ಯಾರಿಸ್ಸಿನಲ್ಲಿ ನೃತ್ಯದ ಅಕಾಡೆಮಿ ಕಟ್ಟಿದ. ಅಲ್ಲಿಂದ ಆ ಭಾಷೆಯೇ ಬ್ಯಾಲೆಗೆ ಅಂಟಿಕೊಂಡಿತು. ಅರ್ಥ ಗೊತ್ತಾದರೆ ಭಯ ಹೋಗುತ್ತದೆ. ಪ್ಲಿಯೇ ಅಂದರೆ ಮಡಚಿದ್ದು. ತಾಂದ್ಯು ಅಂದರೆ ಚಾಚಿದ್ದು: ಪಾದವನ್ನು ನೆಲಕ್ಕೆ ಒತ್ತಿ ಉಜ್ಜುತ್ತಾ, ಬೆರಳ ತುದಿ ನೆಲ ಬಿಡದ ಹಾಗೆ ಚಾಚುವುದು. ರೋಂ ದ ಜಾಂಬ್ ಅಂದರೆ ಕಾಲಿನ ವೃತ್ತ. ರೆಲೆವೆ ಅಂದರೆ ಎದ್ದಿದ್ದು. ಗ್ರಾಂ ಬಾತ್‌ಮಾಂ ಅಂದರೆ ಕಾಲನ್ನು ಜೋರಾಗಿ ಎತ್ತಿ ಬೀಸುವುದು, ಅದು ಕೊನೆಗೆ ಬರುತ್ತದೆ.

ಆರು ತಿಂಗಳು ನೀವು ಮಾಡಬೇಕಾದ್ದು ಪ್ಲಿಯೇ, ತಾಂದ್ಯು, ರೋಂ ದ ಜಾಂಬ್, ರೆಲೆವೆ. ಅಷ್ಟೇ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ. ಪೂರ್ತಿ ಕೂರುವ ದೊಡ್ಡ ಪ್ಲಿಯೇ ಈಗ ಬೇಡ, ಅರ್ಧ ಸಾಕು. ಬೋರ್ ಆಗುತ್ತದೆ, ಒಪ್ಪುತ್ತೇನೆ. ನನಗೆ ಮೂರನೇ ತಿಂಗಳಿಗೆ ತಾಂದ್ಯು ಅಂದರೆ ಅಡಿಕೆ ಸುಲಿದ ಹಾಗೆ ಅನ್ನಿಸುತ್ತಿತ್ತು. ಸುಲಿದಷ್ಟೂ ರಾಶಿ ಹಾಗೇ ಇರುತ್ತದೆ. ಆದರೆ ಒಂದು ದಿನ ಬೆಳಗಾಗುವಾಗ ರಾಶಿ ಕರಗಿರುತ್ತದಲ್ಲ, ಪಾದವೂ ಹಾಗೇ ಒಂದು ದಿನ ತಾನಾಗಿ ಚೂಪಾಗಿತ್ತು.

ಮಳೆಗಾಲದ ಥಂಡಿಯಲ್ಲಿ ಶುರು ಮಾಡುವ ಮುಂಚೆ ಹತ್ತು ನಿಮಿಷ ಮೆಟ್ಟಿಲು ಹತ್ತಿ ಇಳಿದು ಮೈ ಬೆಚ್ಚಗೆ ಮಾಡಿಕೊಳ್ಳಿ. ಹಿಡಿದು ಎಳೆಯುವ ಸ್ಟ್ರೆಚ್ಚುಗಳೆಲ್ಲ ಕೊನೆಗಿರಲಿ.

ವಿಡಿಯೋ ನೋಡಿ ಕಲಿಯಬಹುದಾ? ಕ್ರಮ ಕಲಿಯಬಹುದು, ತಿದ್ದುಪಡಿ ಸಿಗುವುದಿಲ್ಲ. 2014ರಿಂದ ನಡೆಯುತ್ತಿರುವ ವರ್ಲ್ಡ್ ಬ್ಯಾಲೆ ಡೇ ದಿನ ದೊಡ್ಡ ಕಂಪನಿಗಳು ತಮ್ಮ ಬೆಳಗಿನ ಕ್ಲಾಸನ್ನೇ ಬಿಟ್ಟಿ ತೋರಿಸುತ್ತವೆ. ನೋಡಿ, ಕಣ್ಣು ತುಂಬಿಕೊಳ್ಳಿ. ಅದರ ಜೊತೆ ಮಾಡಲು ಮಾತ್ರ ಹೋಗಬೇಡಿ. ಅದು ದಿನಾ ಎಂಟು ಗಂಟೆ ಕುಣಿಯುವವರ ಮೈಬಿಸಿ. ಮಾಡುವುದಕ್ಕೆ ಹೊಸಬರ ಕ್ಲಾಸನ್ನೇ ಹುಡುಕಿ, ಒಬ್ಬರೇ ಟೀಚರನ್ನು ಹಿಡಿದು ಮೂರು ತಿಂಗಳು ಬಿಡಬೇಡಿ.

ಊರಿನಲ್ಲೇ ಇರುವ ಗುರುಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಭರತನಾಟ್ಯದ ಕ್ಲಾಸಿಗೆ ಬರ ಇಲ್ಲ. ಬ್ಯಾಲೆಯ ಫೀಸಿಗಿಂತ ಬಹಳ ಕಡಿಮೆ. ಅಲ್ಲಿಗೆ ಸೇರಿಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮಂಡಿ ಹೊರಕ್ಕೆ ಮಡಚಿ ಅರ್ಧ ಕೂರುವ ಅರೆಮಂಡಿಯಲ್ಲೂ ತೊಡೆ ಸೊಂಟದಿಂದಲೇ ತಿರುಗಬೇಕು. ತಾಳ ಕಿವಿಗೆ ಕೂರುತ್ತದೆ. ಮೂರರ ಎಣಿಕೆಯ ತಿಶ್ರ ನಡೆ ಗೊತ್ತಿದ್ದರೆ ವಾಲ್ಟ್ಜ್ ಸಂಗೀತದ ಮೂರು ಎಣಿಕೆ ಎಂದೂ ತಪ್ಪುವುದಿಲ್ಲ. ಮುಖ್ಯವಾಗಿ, ವಾರಕ್ಕೆ ಎರಡು ದಿನ ಒಬ್ಬರು ನಿಮ್ಮ ಬೆನ್ನು, ಮಂಡಿ ನೋಡುತ್ತಿರುತ್ತಾರೆ.

ಎರಡರ ನಡುವೆ ವ್ಯತ್ಯಾಸವೂ ಇದೆ. ಭರತನಾಟ್ಯದಲ್ಲಿ ಪಾದ ನೆಲವನ್ನು ಹೊಡೆಯುತ್ತದೆ, ಬ್ಯಾಲೆಯಲ್ಲಿ ಸವರುತ್ತದೆ. ಅಲ್ಲಿ ಕೂತೇ ಇರಬೇಕು, ಇಲ್ಲಿ ಕೂತದ್ದು ಏಳಲಿಕ್ಕೆ. ನನ್ನ ಬ್ಯಾಲೆ ಟೀಚರ್ ಮೊದಲ ದಿನವೇ ‘ನೆಲಕ್ಕೆ ಯಾಕೆ ಹೊಡೀತೀಯ, ಅದು ಏನು ಮಾಡಿದೆ ನಿಂಗೆ?’ ಅಂದಿದ್ದರು.

ಬ್ಯಾಲೆ ಕಲಿಯುವ ವಿಷಯವನ್ನು ಭರತನಾಟ್ಯದ ಗುರುಗಳಿಗೆ ಮುಚ್ಚಿಡಬೇಡಿ. ನಾನು ಹೆದರುತ್ತಲೇ ಹೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ಅಲ್ಲಿ ಕಲಿತದ್ದು ಇಲ್ಲಿ ತೋರಿಸ್ಬೇಡ, ಇಲ್ಲಿ ಕಲಿತದ್ದು ಮರೀಬೇಡ’ ಅಂದರು. ತೆಂಕುತಿಟ್ಟಿನ ಯಕ್ಷಗಾನ ಕಲಿತವರಿದ್ದರೆ ಅವರ ದಿಗಿಣ ನೋಡಿ. ಹಾರಿ ಇಳಿಯುವಾಗ ಮೊಣಕಾಲು ಹೇಗೆ ಭಾರ ಹಿಡಿಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಇನ್ನು, ನಿಮಗೆ ನಿಜವಾಗಿ ಬೇಕಾಗಿರುವುದು ಬ್ಯಾಲೆಯಾ ಅಥವಾ ರಂಗದ ಮೇಲೆ ಮೈ ಬಳಸುವುದಾ ಅಂತಲೂ ಕೇಳಿಕೊಳ್ಳಿ. ಎರಡನೆಯದಾದರೆ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಬೆಂಗಳೂರಿಗೆ ಹೋಗಬೇಕಾಗಿಯೇ ಇಲ್ಲ.

ತಿಂಗಳಿಗೊಂದು ಬೆಂಗಳೂರು

ಬ್ಯಾಲೆಯ ಕಣ್ಣು ಸಿಗುವುದು ಬೆಂಗಳೂರಿನಲ್ಲಿ. ಬ್ರಿಟನ್ನಿನಿಂದ ಬಂದ ಯಾನಾ ಲೂಯಿಸ್ ಅಲ್ಲಿ ಬ್ಯಾಲೆ ಶಾಲೆ ಕಟ್ಟಿದರು. ಈಗ ಹಲವು ಸ್ಟುಡಿಯೋಗಳಲ್ಲಿ ದೊಡ್ಡವರಿಗೂ ಹೊಸಬರ ಕ್ಲಾಸ್ ಇದೆ. ಒಂದೊಂದೇ ಕ್ಲಾಸಿಗೆ ದುಡ್ಡು ಕೊಟ್ಟು ಹೋಗುವ ವ್ಯವಸ್ಥೆ ಇರುವ ಕಡೆ ಹುಡುಕಿ.

ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ನನ್ನ ಬ್ಯಾಲೆ ನಡೆಯುತ್ತಿರುವುದೇ ಅದರಿಂದ ಅಂದರೂ ತಪ್ಪಿಲ್ಲ. ಹುಡುಗರು ರೈಲು ನೋಡಿಕೊಳ್ಳಿ, ಬೆಳಗಿನ ಜನಶತಾಬ್ದಿ ಇದೆ, ಸೀಟು ಮೊದಲೇ ಮಾಡಿಸಿ. ಸುಮಾರು 300 ಕಿಲೋಮೀಟರ್ ಕೂತು ಹೋದ ಸೊಂಟ ಕಟ್ಟಿಗೆಯಾಗಿರುತ್ತದೆ. ಇಳಿದವರೇ ಕ್ಲಾಸಿಗೆ ಓಡಬೇಡಿ, ಅರ್ಧ ಗಂಟೆ ನಡೆಯಿರಿ. ಶನಿವಾರ ಸಂಜೆ ಒಂದು, ಭಾನುವಾರ ಬೆಳಗ್ಗೆ ಒಂದು ಕ್ಲಾಸ್. ಮೊದಲನೆಯದರಲ್ಲಿ ಹೇಳಿದ ತಪ್ಪು ಎರಡನೆಯದರಲ್ಲಿ ತಿದ್ದಿತಾ ಅಂತ ಅಲ್ಲೇ ಗೊತ್ತಾಗುತ್ತದೆ. ರಾತ್ರಿ ಚಿಕ್ಕಮ್ಮನ ಮನೆ. ಖಾಲಿ ಕೈಯಲ್ಲಿ ಹೋಗಬಾರದು, ಅಪ್ಪೆಮಿಡಿ ಉಪ್ಪಿನಕಾಯಿ ಇರಲಿ.

ಕ್ಲಾಸಿನ ಮೊದಲೇ ಟೀಚರಿಗೆ ಹೇಳಿ: ‘ನಾನು ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಬರ್ತೀನಿ, ದಯವಿಟ್ಟು ನನ್ನ ದೊಡ್ಡ ತಪ್ಪು ಒಂದು ಹೇಳಿ.’ ಒಂದೇ ಕೇಳಿ. ಬಸ್ಸು ಹತ್ತುವ ಮುಂಚೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ನನ್ನ ಪುಸ್ತಕದ ಮೊದಲ ಏಳು ತಿಂಗಳು ಒಂದೇ ಸಾಲು ಇದೆ: ‘ಬಲ ಸೊಂಟ ಮೇಲೇಳುತ್ತದೆ.’

ಎಂಥ ಕಡೆ ಹೋಗಬಾರದು ಅನ್ನುವುದನ್ನೂ ದುಡ್ಡು ಕೊಟ್ಟು ಕಲಿತೆ. ನಾನು ಮೊದಲು ಸೇರಿದ ಕಡೆ ಆರು ತಿಂಗಳ ಫೀಸು ಮುಂಗಡ ಕಟ್ಟಿಸಿಕೊಂಡರು. ಎರಡನೇ ತಿಂಗಳಿಗೇ ಫೋಟೋ ಚೆಂದ ಬರುತ್ತದೆ ಅಂತ ಎಲ್ಲರಿಗೂ ಪಾಯಿಂಟ್ ಶೂ ಕೊಳ್ಳಲು ಹೇಳಿದರು. ಎರಡು ಕಾಲನ್ನೂ ನೆಲಕ್ಕೆ ಚಾಚಿ ಕೂರುವ ಸ್ಪ್ಲಿಟ್ ಬರಲಿ ಅಂತ ಒಬ್ಬ ಹುಡುಗಿಯ ಬೆನ್ನಿನ ಮೇಲೆ ಕೂತು ಒತ್ತಿದ್ದನ್ನು ನೋಡಿ ನಾನು ಹೊರಬಿದ್ದೆ. ಉಳಿದ ಫೀಸು ವಾಪಸ್ ಬರಲಿಲ್ಲ. ಈ ಮೂರರಲ್ಲಿ ಒಂದು ಕಂಡರೂ ಚಪ್ಪಲಿ ಹಾಕಿಕೊಳ್ಳಿ.

ಮೊಬೈಲಿನ ಕಣ್ಣು

ನಡುವಿನ ಮೂರು ವಾರಕ್ಕೆ ಇದು. ಮೊಬೈಲನ್ನು ಸೊಂಟದ ಎತ್ತರಕ್ಕೆ ಇಟ್ಟು, ಎದುರಿನಿಂದ 30 ಸೆಕೆಂಡು, ಪಕ್ಕದಿಂದ 30 ಸೆಕೆಂಡು. ನೆಲದ ಮೇಲಿಟ್ಟರೆ ಕಾಲು ಉದ್ದ ಕಾಣುತ್ತದೆ, ಖುಷಿಯಾಗುತ್ತದೆ, ಉಪಯೋಗ ಇಲ್ಲ. ಸಡಿಲ ಪ್ಯಾಂಟು ಬೇಡ, ಮಂಡಿ ಕಾಣಬೇಕು. ಈ ತಿಂಗಳಿನದನ್ನು ಹೋದ ತಿಂಗಳಿನ ಪಕ್ಕ ಇಟ್ಟು ನೋಡಿ, ಬೇರೆಯವರ ಪಕ್ಕ ಇಡಬೇಡಿ. ಕೆಲವು ಟೀಚರುಗಳು ಸ್ವಲ್ಪ ಫೀಸಿಗೆ ವಿಡಿಯೋ ನೋಡಿ ತಿದ್ದಿ ಹೇಳುತ್ತಾರೆ. ಕೇಳಿದರೆ ತಪ್ಪೇನೂ ಇಲ್ಲ, ಅಲ್ವಾ?

ನನ್ನ ಲೆಕ್ಕ

ತಿಂಗಳಿಗೆ 1,500 ರೂಪಾಯಿ ತೆಗೆದಿಡುತ್ತೇನೆ. ವರ್ಷಕ್ಕೆ 18,000. ಬೆಂಗಳೂರಿನಲ್ಲಿ ನಾನು ಹೋಗುವ ಕಡೆ ಕ್ಲಾಸಿಗೆ 600. ತಿಂಗಳಿಗೆ ಎರಡರಂತೆ ವರ್ಷಕ್ಕೆ 14,400. ಎರಡು ಜೊತೆ ಶೂ 1,400. ಉಳಿದ 2,200 ಸಿಟಿ ಬಸ್ಸು, ಊಟ, ಎಲಾಸ್ಟಿಕ್ಕು, ದಾರ. ಭರತನಾಟ್ಯದ ಫೀಸು ಇದರಲ್ಲಿಲ್ಲ. ಅದಕ್ಕೆ ಸುಗ್ಗಿಯಲ್ಲಿ ಊರಿಗೆ ಹೋಗಿ ರಾತ್ರಿ ಅಡಿಕೆ ಸುಲಿದ ದುಡ್ಡು. ಮೆಟ್ಟುಗತ್ತಿಯ ಮುಂದೆ ಮೂರು ತಾಸು ಕೂತರೆ ಸೊಂಟ ಹಿಡಿಯುತ್ತದೆ. ಗಂಟೆಗೊಮ್ಮೆ ಎದ್ದು ಹತ್ತು ಪ್ಲಿಯೇ ಮಾಡುತ್ತೇನೆ. ಮೊದಲ ಸಲ ನೋಡಿದ ದೊಡ್ಡಮ್ಮ, ‘ಎಂತ ಮಾರಾಯ್ತಿ, ಕಾಲು ಜೋಮು ಹಿಡೀತಾ?’ ಅಂದಿದ್ದರು. ಈಗ ಅವರೂ ಎದ್ದು ಎರಡು ಮಾಡುತ್ತಾರೆ.

ಬಸ್ ಛಾರ್ಜು ಕೊಡಬೇಕಾದವರು ಎರಡು ತಿಂಗಳಿಗೊಮ್ಮೆ ಹೋಗಿ. ಪರೀಕ್ಷೆ, ಸರ್ಟಿಫಿಕೇಟು ಮೊದಲ ಎರಡು ವರ್ಷ ಬೇಡ. ಊಟದಲ್ಲಿ ಉಳಿಸಬೇಡಿ. ತೆಳ್ಳಗಾಗಬೇಕು ಅಂತ ಉಪವಾಸ ಮಾಡಿದವರ ಮೂಳೆ ಬೇಗ ಮುರಿಯುತ್ತದೆ. ಮೊಟ್ಟೆಯೋ ಹೆಸರುಕಾಳು ಉಸಲಿಯೋ ದಿನಾ ಇರಲಿ.

ಜೂನ್ ಬಂದಾಗ

ಕೊನೆಯದು ಮಳೆಗಾಲದ ಶೂ. ಬೆವರಿದ ಕ್ಯಾನ್ವಾಸ್ ಶೂವನ್ನು ಚೀಲದಲ್ಲೇ ಬಿಟ್ಟರೆ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಒಳಗೆ ಹಳೇ ಪೇಪರ್ ತುರುಕಿ, ರಾತ್ರಿ ಒಮ್ಮೆ ಪೇಪರ್ ಬದಲಿಸಿ, ಗಾಳಿಯಾಡುವ ಕಡೆ ನೇತುಹಾಕಿ. ಚರ್ಮದ್ದು ಈ ಹವೆಗೆ ಬೇಡವೇ ಬೇಡ. ಬಚ್ಚಲ ಒಲೆಯ ಹತ್ತಿರ ಒಣಗಿಸುವ ಆಸೆಯಾಗುತ್ತದೆ. ಎರಡು ಮೊಳ ದೂರ ಇರಲಿ. ನನ್ನ ಮೊದಲ ಜೊತೆಯನ್ನು ಅಮ್ಮ ಪ್ರೀತಿಯಿಂದ ಹಂಡೆಯ ಮುಚ್ಚಳದ ಮೇಲೆ ಇಟ್ಟಿದ್ದರು. ಬೆಳಗ್ಗೆ ನೋಡಿದರೆ ಅಂಟು ಬಿಟ್ಟು ಸೋಲ್ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿತ್ತು.